ನೂರು ಕೋಟಿ ಕೋಶಗಳು, ಹತ್ತು ಲಕ್ಷ ಕಣಗಳು

ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಕವಲೊಡೆದು ಸುರಿಯುವ ಕಣಗಳ ಮಳೆಯ, ಅಂದರೆ ಏರ್ ಶವರ್‌ನ, ಲೆಕ್ಕದಲ್ಲಿ ಬಳಸುವ ಥಿನ್ನಿಂಗ್ (ತೆಳುಗೊಳಿಸುವ) ವಿಧಾನವನ್ನು ಕ್ಯಾನ್ಸರ್ ಗೆಡ್ಡೆಯ ಬೆಳವಣಿಗೆಗೂ ಒಗ್ಗಿಸಬಹುದೆಂದು ನಾನು ಐದು ವರ್ಷಗಳ ಹಿಂದೆ ಹೇಳಿದಾಗ ದಾವಣಗೆರೆಯ ನನ್ನ ಸಹೋದ್ಯೋಗಿಗಳು ನಕ್ಕಿದ್ದರು. ಬೆಂಗಳೂರಿನ ಹಿರಿಯರೊಬ್ಬರು ನಗಲೂ ಇಲ್ಲ, ಮಾತು ಬದಲಿಸಿದರು. ಈ ಬೇಸಿಗೆಯಲ್ಲಿ ಲೆಕ್ಕ ಕೂಡಿಬಂದಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಪಿಎಚ್‌ಡಿ ಏರ್ ಶವರ್‌ಗಳ ಮೇಲಿನದು. 1937ರಲ್ಲಿ ಭಾಭಾ ಮತ್ತು ಹೈಟ್ಲರ್ ಬರೆದ ಕವಲೊಡೆಯುವ ಕಣಗಳ ಸಿದ್ಧಾಂತವನ್ನೂ, 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ವೈರಸ್‌ಗೆ ನಿರೋಧಕವಾದ ಬ್ಯಾಕ್ಟೀರಿಯಾಗಳನ್ನು ತಟ್ಟೆಗಳಲ್ಲಿ ಎಣಿಸಿದ ಪ್ರಯೋಗವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಎರಡರ ಗಣಿತವೂ ಒಂದೇ ಬಳಗದ್ದೆಂದು ಬೇರೆ ಹೇಳಬೇಕಿಲ್ಲ. ಕಷ್ಟವಿರುವುದು ಗಣಿತದಲ್ಲಲ್ಲ, ಗಾತ್ರದಲ್ಲಿ. ಒಂದು ಘನ ಸೆಂಟಿಮೀಟರ್ ಗೆಡ್ಡೆಯಲ್ಲಿ ಸುಮಾರು ನೂರು ಕೋಟಿ ಕೋಶಗಳಿರುತ್ತವೆ. ಬರೀ ಎಣಿಕೆ ಸಾಕೆನ್ನುವವರಿಗೆ ಸಮೀಕರಣಗಳೇ ಸಾಕು; ನನಗೆ ಪ್ರತಿ ಕೋಶದ ವಯಸ್ಸು ಮತ್ತು ವಂಶಾವಳಿ ಬೇಕಿತ್ತು. ಕೋಶವೊಂದಕ್ಕೆ ನಲವತ್ತು ಬೈಟ್ ಎಂದರೂ 40 ಜಿಬಿ ಮೆಮೊರಿ ಬೇಕು, ನನ್ನ ಯಂತ್ರದಲ್ಲಿದ್ದದ್ದು 16.

ಆ ಯಂತ್ರವನ್ನು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸುಮಾರು 38 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ತಂದಿದ್ದೆ. ಅನುದಾನಕ್ಕೆ ಎರಡು ಬಾರಿ ಅರ್ಜಿ ಹಾಕಿದೆ. ಒಮ್ಮೆ 'ಇದು ಭೌತವಿಜ್ಞಾನವಲ್ಲ' ಎಂದೂ, ಮತ್ತೊಮ್ಮೆ 'ಇದು ಜೀವವಿಜ್ಞಾನವಲ್ಲ' ಎಂದೂ ಉತ್ತರ ಬಂತು. ಏಪ್ರಿಲ್‌ನ ಒಂದು ಮಧ್ಯಾಹ್ನ ಕರೆಂಟ್ ಹೋಗಿ, ಒಂಬತ್ತು ದಿನಗಳಿಂದ ಓಡುತ್ತಿದ್ದ ಪ್ರೋಗ್ರಾಂ ನಡುವೆ ಏನನ್ನೂ ಡಿಸ್ಕ್‌ಗೆ ಬರೆದಿಟ್ಟುಕೊಳ್ಳದೆ ನಿಂತುಹೋಯಿತು. ತಪ್ಪು ನನ್ನದೇ. ಮರುದಿನವೇ ಹನ್ನೊಂದು ಸಾವಿರ ಕೊಟ್ಟು ಯುಪಿಎಸ್ ತಂದೆ. ಎಲ್ಲ ಸೇರಿ ಕೈಯಿಂದ ಅರವತ್ತು ಸಾವಿರ ದಾಟಿರಬೇಕು, ಮನೆಯಲ್ಲಿ ಹೇಳಿರುವುದು ನಲವತ್ತು.

ವಿಧಾನ ಹೀಗಿದೆ. ಪ್ರೋಗ್ರಾಂನಲ್ಲಿ ಕೋಶಗಳ ಪರವಾಗಿ ನಿಲ್ಲುವ ಕಣಗಳ ಸಂಖ್ಯೆ ಹತ್ತು ಲಕ್ಷ ಮುಟ್ಟಿದಾಗ ಅರ್ಧವನ್ನು ಕೈಬಿಟ್ಟು, ಉಳಿದವುಗಳ ತೂಕವನ್ನು ಎರಡರಷ್ಟು ಮಾಡಬೇಕು. ಹತ್ತು ಬಾರಿ ಹೀಗೆ ಮಾಡಿದರೆ ಒಂದೊಂದು ಕಣವೂ 1024 ಕೋಶಗಳನ್ನು ಪ್ರತಿನಿಧಿಸಿ ನೂರು ಕೋಟಿಯ ಲೆಕ್ಕ ಕೈಗೆ ಸಿಗುತ್ತದೆ. ಮೆಕ್ಕೆಜೋಳದ ಗುಣಿಯಲ್ಲಿ ಎರಡು ಸಸಿ ಎದ್ದರೆ ಒಂದನ್ನು ಕೀಳುವುದು ನಮ್ಮ ಕಡೆಯ ರೈತರಿಗೆಲ್ಲ ಗೊತ್ತು. ಇಲ್ಲಿ ಮಾತ್ರ ಉಳಿದ ಸಸಿಯು ಕಿತ್ತ ಸಸಿಯ ಇಳುವರಿಯನ್ನೂ ತನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಕು.

ಮೊದಲ ಪರೀಕ್ಷೆಯಲ್ಲೇ ಮುಗ್ಗರಿಸಿದೆ. ಹತ್ತು ಕೋಟಿ ಕೋಶಗಳು, ಹತ್ತು ಕೋಟಿ ವಿಭಜನೆಗೆ ಔಷಧಕ್ಕೆ ಜಗ್ಗದಂತೆ ಮಾಡುವ ಒಂದು ಉತ್ಪರಿವರ್ತನೆ (ಮ್ಯುಟೇಶನ್) ಎಂದಿಟ್ಟರೆ, ಪ್ರೋಗ್ರಾಂನ ಸಾವಿರ ಓಟಗಳಲ್ಲಿ ಸುಮಾರು 370ರಲ್ಲಿ ಔಷಧ ನಿರೋಧಕ ಕೋಶ ಒಂದೂ ಇರಬಾರದು. ನನ್ನ ಪ್ರೋಗ್ರಾಂ 950ಕ್ಕೂ ಹೆಚ್ಚು ಓಟಗಳಲ್ಲಿ ಸೊನ್ನೆ ತೋರಿಸಿ, ಉಳಿದ ಕೆಲವದರಲ್ಲಿ ಲಾಟರಿ ಹೊಡೆದಂತೆ ರಾಶಿ ಸುರಿಯಿತು. ಸರಾಸರಿಯೊಂದೇ ಸುಮಾರಾಗಿ ಹೊಂದಿದ್ದರಿಂದ ಮೂರು ತಿಂಗಳು ತಪ್ಪೇ ಕಾಣಲಿಲ್ಲ. ಭಾರವಾದ ಕಣವೊಂದು ಉತ್ಪರಿವರ್ತನೆಗೊಂಡಾಗ ಅದರ ಇಡೀ ತೂಕವೇ ಒಂದೇ ಏಟಿಗೆ ನಿರೋಧಕವಾಗುತ್ತಿತ್ತು. ಈಗ ಭಾರವಾದ ಕಣದಿಂದ ಪಾಯ್ಸಾನ್ ಸಂಖ್ಯೆಯಷ್ಟು (ಒಂದಕ್ಕೊಂದು ಸಂಬಂಧವಿಲ್ಲದ ಅಪರೂಪದ ಘಟನೆಗಳ ಎಣಿಕೆಯ ನಿಯಮದಂತೆ ಬರುವ ಆಕಸ್ಮಿಕ ಸಂಖ್ಯೆಯಷ್ಟು) ಹೊಸ ಕೋಶಗಳನ್ನು ಒಂದೊಂದೇ ತೂಕದಲ್ಲಿ ಹೊರತೆಗೆಯುತ್ತೇನೆ, ಮತ್ತು ನಿರೋಧಕ ಕೋಶಗಳನ್ನು ಎಂದಿಗೂ ತೆಳುಗೊಳಿಸುವುದಿಲ್ಲ. ಸೊನ್ನೆಗಳು 365ರ ಆಸುಪಾಸಿಗೆ ಬಂದು ನಿಂತವು. ಕೈಬಿಡುವ ಅರ್ಧವನ್ನು ಬರೀ ಚೀಟಿ ಎತ್ತಿ ಆರಿಸಬಾರದು, ಅದಕ್ಕೊಂದು ಕ್ರಮವಿದೆ. ಆ ಕ್ರಮವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಆ ದಿನಗಳಲ್ಲೇ ವಿದ್ಯಾರ್ಥಿಗಳಿಗಾಗಿ ಇನ್ನೊಂದು ಪ್ರಯೋಗ ಮಾಡಿದೆ. ಹಾಸಿನ ಮೇಲೆ ನೂರು ಚೌಕ ಬರೆದು ಮೊರದಿಂದ ಮಂಡಕ್ಕಿ ಎರಚಿ ಎಣಿಸಿದೆವು. ಚೌಕಕ್ಕೆ ಸರಾಸರಿ ಏಳು ಕಾಳು, ವೇರಿಯನ್ಸ್ (ಏರಿಳಿತದ ಅಳತೆ) ಎಂಟರ ಹತ್ತಿರ. ಎರಡೂ ಹೆಚ್ಚುಕಡಿಮೆ ಸಮವಿರುವ ಇದು ಪಾಯ್ಸಾನ್, ಲೂರಿಯಾ ಅವರ ತಟ್ಟೆಗಳಲ್ಲಿ ವೇರಿಯನ್ಸ್ ಸರಾಸರಿಯನ್ನು ಎಷ್ಟೋ ಪಾಲು ಮೀರಿತ್ತು ಎಂಬುದನ್ನು ಹಲಗೆಯ ಮೇಲೆ ಎಷ್ಟು ಬರೆದರೂ ತಿಳಿಯದಿದ್ದ ಹುಡುಗರಿಗೆ ಆ ಹಾಸಿನ ಮುಂದೆ ಕೂತಾಗ ತಿಳಿಯಿತು. ಎಣಿಕೆ ಮುಗಿದ ಮೇಲೆ ಮಿರ್ಚಿ ತರಿಸಬೇಕಾಯಿತು.

ಎರಡನೆಯ ತಪ್ಪನ್ನು ಹಿಡಿದವರು ಇಲ್ಲಿನ ಪೆಥಾಲಜಿಸ್ಟ್ ಗೆಳೆಯರೊಬ್ಬರು. ಸಮಯ ಉಳಿಸಲೆಂದು ನಾನು ಕೋಶಗಳ ಸಾವನ್ನು ಬಿಟ್ಟು ನಿವ್ವಳ ಬೆಳವಣಿಗೆಯನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೆ. ನೂರು ಕೋಟಿ ಕೋಶಗಳು, ನೂರು ಕೋಟಿ ವಿಭಜನೆಗೆ ಒಂದು ಉತ್ಪರಿವರ್ತನೆ ಎಂದಾಗ ನೂರರಲ್ಲಿ 63 ಗೆಡ್ಡೆಗಳಲ್ಲಿ ಚಿಕಿತ್ಸೆಗೆ ಮೊದಲೇ ನಿರೋಧಕ ಕೋಶ ಇತ್ತು. ಅವರು ಸ್ಲೈಡೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕುಗ್ಗಿ ಕಪ್ಪಗಾದ ಕೋಶಕೇಂದ್ರಗಳನ್ನು ತೋರಿಸಿ, "ಮೇಷ್ಟ್ರೇ, ಇವೂ ಸಾಯೋ ಮುಂಚೆ ಹುಟ್ಟಿದ್ವಲ್ಲ, ಅದನ್ನ ಎಲ್ಲಿ ಬರ್ಕೊಂಡಿದೀರಿ?" ಎಂದರು. ಬರೆದುಕೊಂಡಿರಲಿಲ್ಲ. ಹತ್ತು ಹುಟ್ಟಿಗೆ ಒಂಬತ್ತು ಸಾವು ಇದ್ದರೆ ಅದೇ ಗಾತ್ರ ಮುಟ್ಟಲು ಹತ್ತರಷ್ಟು ವಿಭಜನೆಗಳು ನಡೆಯಬೇಕು. ಹುಟ್ಟಿದ ನಿರೋಧಕ ಕೋಶಗಳಲ್ಲೂ ಬಹುಪಾಲು ಸಾಯುತ್ತವೆ, ನಿಜ. ಆದರೆ ಇತ್ತೀಚೆಗೆ ಹುಟ್ಟಿದವು ಸಾಯಲು ಇನ್ನೂ ಸಮಯ ಸಿಕ್ಕಿರುವುದಿಲ್ಲ. ಕಾಗದದ ಮೇಲೆ ಮಾಡಿದ ಲೆಕ್ಕ 63ನ್ನು 92ಕ್ಕೆ ಏರಿಸಿತು. ಪ್ರೋಗ್ರಾಂ ತಿದ್ದಿ 500 ಓಟ ಓಡಿಸಿದಾಗ 460ರ ಹತ್ತಿರ, ಅಂದರೆ ನೂರಕ್ಕೆ 92ರ ಹತ್ತಿರವೇ ಬಂತು. ಒಂದೇ ಗಾತ್ರದ ಎರಡು ಗೆಡ್ಡೆಗಳಲ್ಲಿ ಹೆಚ್ಚು ಕೋಶಗಳು ಸಾಯುತ್ತಿರುವ ಗೆಡ್ಡೆಯೇ ನಿರೋಧಕತೆಯ ದೃಷ್ಟಿಯಿಂದ ಹೆಚ್ಚು ಅಪಾಯದ್ದು ಎಂಬುದನ್ನು ಓದಿ ತಿಳಿದಿದ್ದೆ. ಸ್ವಂತ ಯಂತ್ರದಲ್ಲಿ ನೋಡಿದ್ದು ಅದೇ ಮೊದಲು.

ಮಾಡಿ ನೋಡುವವರಿಗೆ ಒಂದು ಮಾತು: ಸಾವನ್ನು ಸೇರಿಸಿ ಒಂದೇ ಕೋಶದಿಂದ ಆರಂಭಿಸಿದರೆ ಹತ್ತರಲ್ಲಿ ಒಂಬತ್ತು ಓಟಗಳು ಬೆಳೆಯದೆ ನಂದಿಹೋಗುತ್ತವೆ, ಗಾಬರಿಯಾಗದೆ ಅವನ್ನು ಬಿಟ್ಟು ಮುಂದೆ ಹೋಗಬೇಕು. ಬೆಳೆದ ಓಟವೊಂದಕ್ಕೆ ಎರಡು ನಿಮಿಷ ಹಿಡಿಯುತ್ತದೆ, 500 ಓಟ ಒಂದು ಹಗಲು ರಾತ್ರಿಯೊಳಗೆ ಮುಗಿಯುತ್ತದೆ. ಮೊದಲು ನಕ್ಕಿದ್ದ ಸಹೋದ್ಯೋಗಿಗಳಲ್ಲಿ ಇಬ್ಬರು ಈಗ ಪ್ರೋಗ್ರಾಂ ಕೇಳುತ್ತಿದ್ದಾರೆ. ಕೋಶಗಳಿಗೆ ಜಾಗವನ್ನೂ ಕೊಡಬೇಕೆಂದು ಹೊರಟಾಗ ಮಾತ್ರ ಈ ವಿಧಾನ ಕೈಕೊಟ್ಟಿತು, ಏಕೆಂದರೆ ಕೈಬಿಟ್ಟ ಕಣದ ಜಾಗದಲ್ಲಿ ತೂತು ಉಳಿದು ಪಕ್ಕದ ಕೋಶಗಳು ಅಲ್ಲಿಗೆ ನುಗ್ಗುತ್ತವೆ. ಅಲ್ಲಿ ಸದ್ಯ ಥಿನ್ನಿಂಗ್ ಇಲ್ಲದೆ, ಒಂದು ಮಿಲಿಮೀಟರ್ ಗಾತ್ರದಲ್ಲೇ ನಿಂತಿದ್ದೇನೆ.