ಎಂಟು ಮರದ ತುಂಡುಗಳಲ್ಲಿ ಘನ ಕಲಿಸಿದ ನನ್ನ ಅನುಭವ

ಎಂಟನೇ ತರಗತಿಯ ಮಕ್ಕಳಿಗೆ ಘನ ಮತ್ತು ಘನಮೂಲದ ಪಾಠವನ್ನು ಹದಿನಾರು ಹದಿನೇಳು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಮೊದಲ ಹತ್ತು ವರ್ಷ ಎಲ್ಲರಂತೆ 1ರಿಂದ 20ರವರೆಗಿನ ಘನಗಳನ್ನು ಬಾಯಿಪಾಠ ಮಾಡಿಸಿ, ಉಳಿದದ್ದನ್ನು ಗುಣಾಕಾರಕ್ಕೆ ಬಿಟ್ಟಿದ್ದೆ. ಆ ಬಾಯಿಪಾಠ ದಸರಾ ರಜೆ ಮುಗಿಯುವವರೆಗೂ ಉಳಿಯುತ್ತಿರಲಿಲ್ಲ. ಪಾಠ ಮಾಡಿದವರೆಲ್ಲ ಕಂಡಿರುವ ತಪ್ಪುಗಳು ಎರಡು: 5ರ ಘನ, ಅಂದರೆ 5×5×5, 15 ಎಂದು ಬರೆಯುವುದು ಒಂದು, 23ರ ಘನ ಕೇಳಿದರೆ 20ರ ಘನ 8,000, 3ರ ಘನ 27, ಒಟ್ಟು 8,027 ಎಂದು ಬರೆಯುವುದು ಇನ್ನೊಂದು. ಎರಡನೆಯದು ನನ್ನನ್ನು ಹೆಚ್ಚು ಕಾಡಿತು, ಏಕೆಂದರೆ ಆ ತಪ್ಪು ಮಾಡುತ್ತಿದ್ದವರು ಸಂಖ್ಯೆಯನ್ನು ಬಿಡಿಸಿ ನೋಡುವ ಜಾಣ್ಮೆಯಿದ್ದ ಮಕ್ಕಳೇ ಆಗಿದ್ದರು. ಸರಿಯಾದ ಉತ್ತರ 12,167. ನಡುವೆ ಕಾಣೆಯಾದ 4,140 ಎಲ್ಲಿ ಕೂತಿದೆ ಎಂಬುದನ್ನು ಮಕ್ಕಳ ಕೈಗೇ ಕೊಟ್ಟು ತೋರಿಸಬೇಕೆಂಬ ಹಟ ನನಗೆ ಹುಟ್ಟಿದ್ದು ಆಗ.

ಮೊದಲು ಮಾಡಿದ್ದು ದುಬಾರಿ ತಪ್ಪು. ಊರಿನ ಬಡಗಿಯೊಬ್ಬರಿಗೆ ಹೇಳಿ, ಒಂದು ಅಂಗುಲದ 343 ಮರದ ಘನಗಳನ್ನು ಮಾಡಿಸಿದೆ. 7ರ ಘನವನ್ನು ಮಕ್ಕಳ ಮುಂದೆ ಕಟ್ಟಿ ನಿಲ್ಲಿಸುವುದು ಉದ್ದೇಶ. ಒಂದಕ್ಕೆ ನಾಲ್ಕು ರೂಪಾಯಿಯ ಹಾಗೆ ಸುಮಾರು 1,400 ರೂಪಾಯಿ ಕೈಯಿಂದ ಹೋಯಿತು. ತುಂಡುಗಳಲ್ಲಿ ಅರ್ಧ ಮಿಲಿಮೀಟರಿನಷ್ಟು ಹೆಚ್ಚುಕಡಿಮೆ ಇತ್ತು. ಬಿಡಿಯಾಗಿ ನೋಡಿದರೆ ಅದು ಕಣ್ಣಿಗೆ ಬೀಳುವುದಿಲ್ಲ, ಆದರೆ ಐದನೆಯ ಪದರಕ್ಕೆ ಬರುವಷ್ಟರಲ್ಲಿ ಇಡೀ ರಾಶಿ ಒಂದು ಬದಿಗೆ ವಾಲಿ, ಆರನೆಯದನ್ನು ಇಡುವಾಗ ಕುಸಿಯಿತು. ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಎರಡು ಭಾನುವಾರ ಕಳೆದ ಮೇಲೆ ರಾಶಿಯೇನೋ ನಿಂತಿತು. ಆಗ ಒಟ್ಟು ಎಷ್ಟು ಎಂದು ಕೇಳಿದರೆ, ಅರ್ಧ ತರಗತಿ 294 ಎಂದು ಉತ್ತರಿಸಿತು. ಆರು ಮುಖ, ಒಂದೊಂದರಲ್ಲಿ 49. ಕಣ್ಣಿಗೆ ಕಂಡದ್ದನ್ನು ಎಣಿಸಿ, ಮೂಲೆ ಅಂಚುಗಳನ್ನು ಎರಡು ಮೂರು ಸಲ ಲೆಕ್ಕಕ್ಕೆ ಹಿಡಿದು, ಒಳಗೆ ಅಡಗಿದ್ದ 125ನ್ನು ಪೂರ್ತಿ ಬಿಟ್ಟಿದ್ದರು. ಕಟ್ಟಿ ಮುಗಿಸಿದ ಘನ ತನ್ನ ಒಳಗನ್ನು ತಾನೇ ಮುಚ್ಚಿಕೊಳ್ಳುತ್ತದೆ ಎಂಬುದು ಅಷ್ಟು ಹಣ ಸುರಿದ ಮೇಲೆ ನನಗೆ ಹೊಳೆಯಿತು.

ಮುಂದಿನ ವರ್ಷ ಖರ್ಚಿಲ್ಲದೆ ಮಾಡೋಣವೆಂದು ಕೆರೆಯ ಜೇಡಿಮಣ್ಣು ತರಿಸಿ, ಮೂರು ಸೆಂಟಿಮೀಟರಿನ ಅಚ್ಚಿನಲ್ಲಿ ಘನಗಳನ್ನು ಮಾಡಿಸಿದೆ. ಒಣಗಿದ ಮೇಲೆ ಕೆಲವು ಬಿರುಕು ಬಿಟ್ಟವು, ಉಳಿದವು 2.7 ಸೆಂಟಿಮೀಟರಿನ ಆಸುಪಾಸಿಗೆ ಕುಗ್ಗಿದವು. ಜೋಡಿಸುವುದಕ್ಕೆ ಅವು ಬರಲಿಲ್ಲ, ಎರಡು ವಾರ ವ್ಯರ್ಥವಾಯಿತು. ಆದರೂ ಅದರಿಂದ ಒಂದು ಒಳ್ಳೆಯ ಲೆಕ್ಕ ಸಿಕ್ಕಿತು. ಉದ್ದದಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಕುಗ್ಗಿದ ತುಂಡಿನ ಗಾತ್ರ 27 ಘನ ಸೆಂಟಿಮೀಟರಿನಿಂದ 19.683ಕ್ಕೆ ಇಳಿದಿತ್ತು, ಅಂದರೆ ಕಾಲುಭಾಗಕ್ಕಿಂತಲೂ ಹೆಚ್ಚು ಹೋಗಿತ್ತು. ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ 9, 27 ಮತ್ತು 125ರ ಘನಗಳನ್ನು ಕೇಳುತ್ತಾರೆ, ಅವರ 27ರ ಉತ್ತರ 19,683 ನಮ್ಮ ಮಣ್ಣಿನ ತುಂಡಿನಲ್ಲೇ ಸಿಕ್ಕಿದಾಗ ನನಗಾದ ಸಂತೋಷ ಸಣ್ಣದಲ್ಲ.

ಈ ಹೊತ್ತಿಗೆ ಸಿಬ್ಬಂದಿ ಕೊಠಡಿಯಲ್ಲಿ ಮಾತು ಶುರುವಾಗಿತ್ತು. “ಸೂತ್ರ ಬರೆಸಿ ಹತ್ತು ಲೆಕ್ಕ ಮಾಡಿಸಿದರೆ ಎರಡು ಪೀರಿಯಡ್‌ನಲ್ಲಿ ಮುಗಿಯುವ ಪಾಠ ಸರ್, ಇದಕ್ಕೆ ಬಡಗಿ ಯಾಕೆ?” ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ನನ್ನಲ್ಲಿ ಆಗ ಉತ್ತರವಿರಲಿಲ್ಲ.

ದಾರಿ ಸಿಕ್ಕಿದ್ದು, ನೂರಾರು ಬಿಡಿ ಘನಗಳನ್ನು ಕೈಬಿಟ್ಟು, ಒಂದೇ ಘನವನ್ನು 20 ಮತ್ತು 3 ಎಂದು ಮೂರು ದಿಕ್ಕಿನಲ್ಲೂ ಸೀಳಿದಾಗ. ಒಂದು ಮಾನಕ್ಕೆ 5 ಮಿಲಿಮೀಟರ್ ಇಟ್ಟುಕೊಂಡರೆ 20ಕ್ಕೆ 10 ಸೆಂಟಿಮೀಟರ್, 3ಕ್ಕೆ ಒಂದೂವರೆ ಸೆಂಟಿಮೀಟರ್. ಹನ್ನೊಂದೂವರೆ ಸೆಂಟಿಮೀಟರಿನ ಸಿಲ್ವರ್ ಓಕ್ ದಿಮ್ಮಿಯನ್ನು ಮೂರು ಸಲ ಗರಗಸದಲ್ಲಿ ಕೊಯ್ಯಿಸಿದೆ. ಎಂಟು ತುಂಡು ಬಂದವು. ಮೊದಲ ಜೊತೆ ಕೆಟ್ಟಿತು. ತುಂಡುಗಳು ಒಂದಕ್ಕೊಂದು ಚೆನ್ನಾಗಿಯೇ ಕೂಡಿಕೊಂಡವು, ಆದರೆ ಸ್ಕೇಲ್ ಇಟ್ಟು ನೋಡಿದ ಹುಡುಗಿಯೊಬ್ಬಳು ಹಲಗೆಯ ದಪ್ಪ 13 ಮಿಲಿಮೀಟರ್ ಇದೆ, ಮೂರು ಮಾನ ಆಗುವುದಿಲ್ಲ ಎಂದಳು. ಗರಗಸ ಒಂದೊಂದು ಕೊಯ್ತಕ್ಕೂ ಎರಡು ಮಿಲಿಮೀಟರ್ ತಿಂದಿತ್ತು. ಎರಡನೆಯ ಸಲ ದಿಮ್ಮಿಯನ್ನು 11.7 ಸೆಂಟಿಮೀಟರಿಗೆ ಮಾಡಿಸಿದ ಮೇಲೆ ಅಳತೆ ಸರಿಹೋಯಿತು. ಮರ, ಕೂಲಿ, ಮೂರು ಬಣ್ಣದ ಪೇಂಟು ಸೇರಿ ಎಂಟು ತುಂಡಿನ ಒಂದು ಜೊತೆಗೆ 350 ರೂಪಾಯಿ ಬಿದ್ದಿರಬೇಕು. ಆರು ಗುಂಪಿಗೆ ಆರು ಜೊತೆ ಮಾಡಿಸಿದೆ.

ಪಾಠದಲ್ಲಿ ನಾನು ಮೊದಲು ಕೊಡುವುದು ದೊಡ್ಡ ಘನ ಮತ್ತು ಪುಟ್ಟ ಘನ, ಅಂದರೆ ಮಕ್ಕಳು ಬರೆದ 8,027 ಮಾತ್ರ. ಇವೆರಡರಿಂದ 23ರ ಘನ ಕಟ್ಟಿ ಎಂದಾಗ ಪುಟ್ಟದನ್ನು ಎಲ್ಲಿಟ್ಟರೂ ಘನವಾಗುವುದಿಲ್ಲ ಎಂದು ಅವರಿಗೇ ಗೊತ್ತಾಗುತ್ತದೆ. ಆಮೇಲೆ ಮೂರು ಹಲಗೆಗಳನ್ನು ಕೊಡುತ್ತೇನೆ. ಒಂದೊಂದೂ 20×20×3, ಅಂದರೆ 1,200, ಮೂರಕ್ಕೆ 3,600. ಅವುಗಳನ್ನು ಒಂದೇ ಮೂಲೆಗೆ ಸೇರುವ ಮೂರು ಮುಖಗಳಿಗೆ ಹೊದಿಸಿದರೆ, ಹಲಗೆಗಳ ನಡುವಿನ ಅಂಚುಗಳಲ್ಲಿ ಬೆರಳು ಹಿಡಿಯುವಷ್ಟು ಅಗಲದ ಮೂರು ಕಾಲುವೆಗಳು ಖಾಲಿ ಉಳಿಯುತ್ತವೆ. ಅಲ್ಲಿ ಬೆರಳಾಡಿಸಿದ ಮಗು ತಾನಾಗಿಯೇ ರೀಪರಿಗೆ, ಅಂದರೆ ಉದ್ದನೆಯ ಮರದ ಪಟ್ಟಿಗೆ, ಕೈ ಚಾಚುತ್ತದೆ. 20×3×3, 180, ಮೂರಕ್ಕೆ 540. ಕೊನೆಗೆ ಮೂರೂ ಕಾಲುವೆ ಸೇರುವ ಮೂಲೆಯಲ್ಲಿ ಒಂದು ಗುಂಡಿ ಉಳಿಯುತ್ತದೆ. 27ರ ಪುಟ್ಟ ಘನ ಅಲ್ಲಿ ಕೂರುತ್ತದೆ. 8,000, 3,600, 540, 27. ಸೂತ್ರವನ್ನು ನಾನು ಇದಾದ ಮೂರನೆಯ ದಿನ ಕರಿಹಲಗೆಯ ಮೇಲೆ ಬರೆಯುತ್ತೇನೆ. ಹಲಗೆ ಕೊಡುವಾಗ ಯಾವ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಕೂಡಿಬರಲು ನನಗೆ ನಾಲ್ಕು ವರ್ಷ ಹಿಡಿಯಿತು.

ಆ ವರ್ಷದ 38 ಮಕ್ಕಳಲ್ಲಿ ಮೊದಲು ಐದಾರು ಮಂದಿಗೆ ಮಾತ್ರ ಎರಡಂಕಿಯ ಘನ ಬರುತ್ತಿತ್ತು. ತಿಂಗಳ ನಂತರ ತಿಳಿಸದೆ ಕೊಟ್ಟ ಪರೀಕ್ಷೆಯಲ್ಲಿ ಮೂವತ್ತರ ಮೇಲೆ ಮಂದಿ ಸರಿಯಾಗಿ ಮಾಡಿದರು. ಒಬ್ಬಳು 47ನ್ನು 50ರಿಂದ 3 ಕಳೆದದ್ದೆಂದು ಹಿಡಿದು, 1,25,000ದಿಂದ 22,500 ತೆಗೆದು, 1,350 ಸೇರಿಸಿ, 27 ಕಳೆದು, ನಾನು ಗುಣಾಕಾರ ಮುಗಿಸುವ ಮೊದಲೇ 1,03,823 ಎಂದಳು. ಹಲಗೆಗಳನ್ನು ಹೊದಿಸುವುದನ್ನು ಕಲಿತವಳು, ಹೇಳಿಕೊಡದೆಯೇ ತೆಗೆಯುವುದನ್ನೂ ಕಂಡುಕೊಂಡಿದ್ದಳು.

ಅವಳ ಉತ್ತರವನ್ನು ತಾಳೆ ನೋಡಲು ನಮ್ಮ ನಾಡಿನದೇ ಒಂದು ದಾರಿಯನ್ನು ಬಳಸಿದೆ. ಅಮೋಘವರ್ಷ ನೃಪತುಂಗನ ಕಾಲದ, 9ನೆಯ ಶತಮಾನದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಹೀಗೆ ಹೇಳಿದ್ದಾರೆ: ಸಂಖ್ಯೆಯನ್ನು, ಅದಕ್ಕೆ ಇಷ್ಟಬಂದ ಅಂಕಿಯನ್ನು ಕೂಡಿಸಿ ಬಂದದ್ದರಿಂದಲೂ ಕಳೆದು ಬಂದದ್ದರಿಂದಲೂ ಗುಣಿಸಬೇಕು, ಇಷ್ಟದ ವರ್ಗವನ್ನು ಅವುಗಳಲ್ಲಿ ಚಿಕ್ಕದರಿಂದ ಗುಣಿಸಿ ಸೇರಿಸಬೇಕು, ಇಷ್ಟದ ಘನವನ್ನೂ ಸೇರಿಸಬೇಕು. 47ಕ್ಕೆ 3 ಹಿಡಿದರೆ 47×50×44 ಎಂದರೆ 1,03,400, ಅದಕ್ಕೆ 9×44 ಎಂದರೆ 396, ಜೊತೆಗೆ 27. ಅದೇ 1,03,823. 50ರಂಥ ದುಂಡು ಸಂಖ್ಯೆಯ ಹತ್ತಿರ ಇದಕ್ಕಿಂತ ಬೇಗ ಮುಗಿಯುವ ದಾರಿಯನ್ನು ನಾನು ಕಂಡಿಲ್ಲ. ಕೊನೆಯಲ್ಲಿ 5 ಇರುವ ಸಂಖ್ಯೆಗಳಿಗೆ ನನ್ನದೊಂದು ಒಳದಾರಿಯಿದೆ, ಅದು ನನ್ನ ತರಗತಿಯ ಮಕ್ಕಳಿಗೇ ಇರಲಿ.

ಬೆಸ ಸಂಖ್ಯೆಗಳ ದಾರಿಯನ್ನೂ ಒಂದು ವರ್ಷ ಪ್ರಯತ್ನಿಸಿದೆ: 1, 3+5=8, 7+9+11=27. ನೋಡಲು ಬಹಳ ಚೆಂದ, ಮಕ್ಕಳು ಇಷ್ಟಪಟ್ಟರು. ಆದರೆ 23ರ ಘನಕ್ಕೆ 507ರಿಂದ 551ರವರೆಗೆ 23 ಬೆಸ ಸಂಖ್ಯೆಗಳನ್ನು ಕೂಡಿಸಬೇಕಾಗುತ್ತದೆ. ಲೆಕ್ಕ ಮಾಡುವುದಕ್ಕೆ ಅದು ಕೆಲಸಕ್ಕೆ ಬಾರದು.

ಹಿರಿಯ ಸಹೋದ್ಯೋಗಿ ಕಳೆದ ವರ್ಷ ತಾವೇ ಬಂದು ಎರಡು ಜೊತೆ ಒಯ್ದರು. ಮಾಡಿಸುವವರಿಗೆ ಒಂದು ಮಾತು: ಪುಟ್ಟ ಘನಗಳನ್ನು ಹತ್ತಾದರೂ ಹೆಚ್ಚಿಗೆ ಮಾಡಿಸಿ, ಏಕೆಂದರೆ ಕಳೆದುಹೋಗುವುದು ಅವೇ. ನಮ್ಮಲ್ಲಿ ಒಂದು ಕಳೆದಾಗ ಮಕ್ಕಳು ಬಂದು ಹೇಳುವುದು “ಸರ್, ನಮ್ಮ ಜೊತೆಯಲ್ಲಿ 27 ಕಡಿಮೆ ಇದೆ” ಎಂದು.