ಮಳೆಗಾಲ, ‘ನೋ ಡಿಸ್ಕ್’ ಮತ್ತು ಅಪ್ಪಯ್ಯನ ಯಕ್ಷಗಾನ ವಿಸಿಡಿಗಳು

ನಮ್ಮ ಉಡುಪಿ ಮನೆಯಲ್ಲಿ ಡಿವಿಡಿ ಪ್ಲೇಯರ್ ಇನ್ನೂ ಉಳಿದಿರುವುದು ಅಪ್ಪಯ್ಯನ ಯಕ್ಷಗಾನ ವಿಸಿಡಿಗಳಿಗಾಗಿ. ವಿಸಿಡಿ ಅಂದರೆ ವಿಡಿಯೋ ತುಂಬಿದ ಸಿಡಿ. ಒಂದರಲ್ಲಿ ಹಿಡಿಸುವುದು 74ರಿಂದ 80 ನಿಮಿಷ. ಹಾಗಾಗಿ ಒಂದು ಪ್ರಸಂಗಕ್ಕೆ ಮೂರ್ನಾಲ್ಕು ಡಿಸ್ಕ್. ನಡುವಿನದೊಂದು ಕೈಕೊಟ್ಟರೆ ಕಥೆ ಅಲ್ಲಿಗೇ ನಿಂತಿತು.

ಆಟಿ ತಿಂಗಳ ಮಳೆಯಲ್ಲಿ ಪರದೆ ಮೇಲೆ ‘ನೋ ಡಿಸ್ಕ್’ ಬಂದರೆ ನಾನು ಮೊದಲು ಅದೇ ಬಗೆಯ ಬೇರೆ ಡಿಸ್ಕ್ ಹಾಕಿ ನೋಡುತ್ತೇನೆ. ಅದು ಓಡಿದರೆ ಪ್ಲೇಯರ್ ಸರಿ ಇದೆ, ಡಿಸ್ಕಿನದೇ ತೊಂದರೆ. ಕಪಾಟಿನೊಳಗೆ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಡಿಸ್ಕಿಗೆ ಬೂಸ್ಟು ಹಿಡಿಯುವುದು ನಮ್ಮ ಕರಾವಳಿಯಲ್ಲಿ ಮಾಮೂಲಿ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ನೀರಿಗೆ ಹಾಕಿ ತೊಳೆದು, ಹಳೆಯ ಮೆತ್ತನೆ ಬನಿಯನ್ನಿನಿಂದ ಒರೆಸುತ್ತೇನೆ. ಒರೆಸುವುದು ನಡುವಿನಿಂದ ಅಂಚಿಗೆ, ನೇರವಾಗಿ. ಸುತ್ತು ಹೊಡೆಸಿದರೆ ಗೀರು ಟ್ರ್ಯಾಕಿನುದ್ದಕ್ಕೂ, ಅಂದರೆ ಮಾಹಿತಿ ಬರೆದಿರುವ ಸುರುಳಿಯುದ್ದಕ್ಕೂ, ಬಿದ್ದು ಒಂದೇ ಕಡೆ ಜಾಸ್ತಿ ಮಾಹಿತಿ ಓದಲಾಗದೆ ಹೋಗುತ್ತದೆ. ಅಡ್ಡಗೀರಾದರೆ ಪ್ಲೇಯರ್ ಹೇಗೋ ಸುಧಾರಿಸಿಕೊಳ್ಳುತ್ತದೆ.

ಜನ ಕೆಳಗಿನ ಮಗ್ಗುಲನ್ನೇ ಕಾಪಾಡುತ್ತಾರೆ, ಅಲ್ವಾ? ಆದರೆ ಸಿಡಿ, ವಿಸಿಡಿಗಳಲ್ಲಿ ಮಾಹಿತಿ ಇರುವುದು ಮೇಲಿನ ಲೇಬಲಿನ ಕೆಳಗೇ. ಅಲ್ಲಿ ಬೆಳ್ಳಿ ಪದರ ಎದ್ದರೆ ಮುಗಿಯಿತು. ಡಿವಿಡಿಯಲ್ಲಿ ಅದು 0.6 ಮಿಲಿಮೀಟರಿನ ಎರಡು ಪದರಗಳ ನಡುವೆ ಇರುತ್ತದೆ, ಆದ್ದರಿಂದ ಸ್ವಲ್ಪ ಗಟ್ಟಿ.

ಯಾವ ಡಿಸ್ಕೂ ಓಡದಿದ್ದರೆ ಪ್ಲೇಯರಿನೊಳಗೆ ಡಿಸ್ಕ್ ಓದುವ ಲೆನ್ಸ್ ಮೇಲೆ ಅನುಮಾನ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ಬಿಚ್ಚುತ್ತೇನೆ. ಪವರ್ ಬೋರ್ಡಿಗೆ ಮಾತ್ರ ಕೈ ಹಾಕುವುದಿಲ್ಲ, ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರಬಹುದು. ಇಯರ್‌ಬಡ್ಡಿಗೆ ಒಂಚೂರು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಲೆನ್ಸನ್ನು ಹಗುರವಾಗಿ ಸವರುತ್ತೇನೆ. ಅದು ನಿಂತಿರುವುದು ಕೂದಲಿನಷ್ಟು ತೆಳುವಾದ ತಂತಿಗಳ ಮೇಲೆ, ಒತ್ತಬಾರದು. ಮುಚ್ಚಳ ಹಾಕದೆ ಆನ್ ಮಾಡಿ ಇಣುಕುವುದಂತೂ ಬೇಡವೇ ಬೇಡ. ಲೇಸರ್ ಕಣ್ಣಿಗೆ ಕೆಟ್ಟದ್ದು.

ಡಿವಿಡಿ ಓಡುತ್ತದೆ, ವಿಸಿಡಿ ಓಡುವುದಿಲ್ಲ ಎನ್ನುವುದೂ ಉಂಟು. ಡಿವಿಡಿಗೆ 650 ನ್ಯಾನೋಮೀಟರಿನ ಕೆಂಪು ಲೇಸರ್, ಸಿಡಿಗೆ 780ರದ್ದು. ಒಂದು ಸೋತರೂ ಇನ್ನೊಂದು ನಡೆಯುತ್ತದೆ. ಒರೆಸಿಯೂ ಪ್ರಯೋಜನವಾಗದಿದ್ದರೆ ಪಿಕಪ್, ಅಂದರೆ ಲೆನ್ಸ್ ಮತ್ತು ಲೇಸರ್ ಇರುವ ಭಾಗವನ್ನೇ, ಬದಲಾಯಿಸಬೇಕು. ಅದಕ್ಕೆ ದುಡ್ಡು ಹಾಕುವ ಬದಲು ಯಾರದೋ ಅಟ್ಟದ ಮೇಲಿರುವ ಹಳೇ ಪ್ಲೇಯರ್ ಕೇಳಿ ತರುವುದೇ ಲೇಸು.

ಟ್ರೇ ಗರ್ ಅಂದು ಹೊರಗೆ ಬರದಿದ್ದರೆ ಒಳಗಿನ ಕಪ್ಪು ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ. ಹೊಸದು ಹಾಕಿದರಾಯಿತು.

ಹೊಸ ಟಿವಿ ತಂದ ಮೇಲೆ ಚಿತ್ರ ಕಪ್ಪು-ಬಿಳುಪಾದರೆ ಪ್ಲೇಯರನ್ನು ಬೈಯಬೇಡಿ. ಈಗಿನ ಎಷ್ಟೋ ಟಿವಿಗಳಲ್ಲಿ ಚಿತ್ರದ ಹಳದಿ ಪಿನ್ನಿಗೂ, ಚಿತ್ರವನ್ನು ಮೂರು ತಂತಿಗಳಲ್ಲಿ ಕಳಿಸುವ ‘ಕಾಂಪೊನೆಂಟ್’ ಜೋಡಣೆಯ ಹಸಿರು ಪಿನ್ನಿಗೂ ಒಂದೇ ತೂತು. ಇನ್‌ಪುಟ್ಟನ್ನು ‘ಎವಿ’ ಮಾಡಿದರೆ ವೇಷದ ಬಣ್ಣ ವಾಪಸ್ ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಓಡಿದ ಡಿಸ್ಕನ್ನು ನಾನು ಹಾಗೇ ಒಳಗಿಡುವುದಿಲ್ಲ. ಕಂಪ್ಯೂಟರಿಗೆ ಹಾಕಿ, ‘ಎಂಪಿಇಜಿಎವಿ’ ಫೋಲ್ಡರಿನಲ್ಲಿರುವ ‘ಡಿಎಟಿ’ ಫೈಲುಗಳನ್ನು ನಕಲು ಮಾಡಿಕೊಳ್ಳುತ್ತೇನೆ. ವಿಎಲ್‌ಸಿ ಎಂಬ ವಿಡಿಯೋ ನೋಡುವ ತಂತ್ರಾಂಶದಲ್ಲಿ ಅವು ನೇರವಾಗಿ ಓಡುತ್ತವೆ.