ಹಳೆಯ ಫೈಬರ್ ಬೋಟಿಗೆ ಬಾಗಲಕೋಟೆಯ ಬೇಸಿಗೆ

ಬೋಟಿನ ದುರಸ್ತಿ ಬಗ್ಗೆ ಸಿಗುವ ಸಲಹೆಗಳು ಹೆಚ್ಚಾಗಿ ಚಳಿ ದೇಶದವು. ಇಂಜಿನ್ನಿನೊಳಗೆ ನೀರು ಹೆಪ್ಪುಗಟ್ಟಬಾರದು ಎಂಬುದೇ ಅಲ್ಲಿಯ ಚಿಂತೆ. ಆಲಮಟ್ಟಿ ಹಿನ್ನೀರಿನಲ್ಲಿ ಬೋಟು ಓಡಿಸುವ ನಮಗೆ ಬಿಡುವು ಸಿಗುವುದು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್‌ವರೆಗೆ ತುಂಬುವ ನೀರು ಬೇಸಿಗೆ ಬರುವಷ್ಟರಲ್ಲಿ ಘಟಪ್ರಭೆಯ ದಂಡೆ ಬಿಟ್ಟು ದೂರ ಸರಿದಿರುತ್ತದೆ. ಆಗ ನನ್ನ ಹದಿನಾರು ಅಡಿಯ ಬೋಟನ್ನು ಟ್ರ್ಯಾಲಿಗೆ ಹೇರಿ ನವನಗರದ ಮನೆಯಂಗಳಕ್ಕೆ ತರುತ್ತೇನೆ.

ಕಳೆದ ಬೇಸಿಗೆಯ ದೊಡ್ಡ ಕೆಲಸ ಟ್ರಾನ್ಸಮ್, ಅಂದರೆ ಇಂಜಿನ್ ಕೂರುವ ಹಿಂಬದಿಯ ಹಲಗೆ. ಬಲೆ ಹಾಕುವ ಗೆಳೆಯನೊಬ್ಬ ಮೊದಲೇ ಹೇಳಿದ್ದ: "ಅಣ್ಣಾರ, ಮಷಿನ್ ಎತ್ತಿದಾಗ ಹಿಂದಿನ ಹಲಗಿ ಅಳ್ಳಾಡಾಕತ್ತೈತ್ರಿ." ಸುತ್ತಿಗೆಯ ಹಿಡಿಕೆಯಿಂದ ಬಡಿದು ನೋಡಿದೆ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತಿತ್ತು, ಬೋಲ್ಟುಗಳ ಸುತ್ತ ಬರೀ ಮಂದ ಸದ್ದು. ಒಳಗಿನಿಂದ ಸಣ್ಣ ತೂತು ಕೊರೆದಾಗ ಡ್ರಿಲ್ ಬಿಟ್ಟಿಗೆ ಕಂದು ಬಣ್ಣದ ಒದ್ದೆ ಪುಡಿ ಹತ್ತಿತು. ಹಿಂದೆ ಯಾರೋ ಬೋಲ್ಟ್ ತೂತುಗಳನ್ನು ಸೀಲ್ ಮಾಡದೆ ಬಿಟ್ಟಿದ್ದರು. ಅಲ್ಲಿಂದ ಇಳಿದ ನೀರು ಒಳಗಿನ ಪ್ಲೈವುಡ್ಡನ್ನು ಕೊಳೆಸಿತ್ತು. ಐವತ್ತು ಕಿಲೋ ಮೀರಿದ ಇಂಜಿನ್ ಅಂಥ ಹಲಗೆಯ ಮೇಲೆ ಜೋತು ಬಿದ್ದಿದೆ ಎಂದರೆ ನಡುನೀರಿನಲ್ಲಿ ಕಿತ್ತು ಹೋಗಲು ಒಂದು ದೊಡ್ಡ ಅಲೆ ಸಾಕು.

ಒಳಗಿನ ಫೈಬರ್ ಪದರ ಕತ್ತರಿಸಿ ಕೊಳೆತ ಕಟ್ಟಿಗೆಯನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದೆ, ಹೊರಪದರ ಮುಟ್ಟಲಿಲ್ಲ. ಆಮೇಲೆ ಒಣಗಲು ಬಿಟ್ಟೆ. ಈ ಹಂತದಲ್ಲಿ ಅವಸರ ಮಾಡುವವರೇ ಬಹಳ, ನಿಜವಾದ ದುರಸ್ತಿ ಇರುವುದೂ ಇಲ್ಲೇ. ತೇವ ಉಳಿದರೆ ರೆಸಿನ್, ಅಂದರೆ ಫೈಬರ್ ಮತ್ತು ಕಟ್ಟಿಗೆಯನ್ನು ಬೆಸೆಯುವ ದ್ರವ, ಹಿಡಿಯುವುದಿಲ್ಲ. ಒಣಗಿದೆಯೇ ಎಂದು ತಿಳಿಯಲು ಆ ಜಾಗದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಬಿಸಿಲಿಗೆ ಬಿಡಬೇಕು. ಹಾಳೆಯ ಒಳಮೈಗೆ ಬೆವರು ಕೂತರೆ ಇನ್ನೂ ಹಸಿ ಇದೆ ಎಂದರ್ಥ. ನಮ್ಮ ಏಪ್ರಿಲ್‌ನ ಒಣ ಬಿಸಿಲು ಈ ಕೆಲಸಕ್ಕೆ ವರ ಕೊಟ್ಟಂತೆ.

ಅದೇ ಬಿಸಿಲು ರೆಸಿನ್‌ಗೆ ವೈರಿ. ಪಾಲಿಯೆಸ್ಟರ್ ರೆಸಿನ್‌ಗೆ ಅದನ್ನು ಗಟ್ಟಿಯಾಗಿಸುವ ಕ್ಯಾಟಲಿಸ್ಟನ್ನು ಶೇ. 1ರಿಂದ 2ರಷ್ಟು ಬೆರೆಸುತ್ತಾರೆ. ನಲವತ್ತು ಡಿಗ್ರಿಯ ಮಧ್ಯಾಹ್ನ ಬೆರೆಸಿದರೆ ಹಚ್ಚುವ ಮೊದಲೇ ಡಬ್ಬಿಯಲ್ಲಿ ಕಾದು ಗಟ್ಟಿಯಾಗುತ್ತದೆ. ಹಾಗಂತ ಕ್ಯಾಟಲಿಸ್ಟನ್ನು ಶೇ. 1ಕ್ಕಿಂತ ಕೆಳಗಿಳಿಸಿದರೆ ಪೂರ್ತಿ ಗಟ್ಟಿಯಾಗದೆ ಅಂಟಂಟು ಉಳಿಯುವ ಭಯ. ನಾನು ಹೊತ್ತು ಮೂಡುವ ಮೊದಲು ಕೂರುತ್ತಿದ್ದೆ, ಸ್ವಲ್ಪಸ್ವಲ್ಪವೇ ಅಗಲವಾದ ತಟ್ಟೆಯಲ್ಲಿ ಬೆರೆಸುತ್ತಿದ್ದೆ. ತೆಳ್ಳಗೆ ಹರಡಿದ ರೆಸಿನ್ ಬೇಗ ಕಾಯುವುದಿಲ್ಲ. ಬಿಡಿಯಾಗಿ ಕೊಳ್ಳುವವರು ಒಂದು ಮಾತು ಮರೆಯಬೇಡಿ: ರೆಸಿನ್ ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರವ ಮತ್ತು ಕ್ಯಾಟಲಿಸ್ಟನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸ್ಫೋಟವಾಗಬಹುದು. ಕ್ಯಾಟಲಿಸ್ಟ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು, ಕನ್ನಡಕ ಬೇಕೇ ಬೇಕು.

ಹೊಸ ಹಲಗೆಗೆ ಐ.ಎಸ್. 710 (ಭಾರತೀಯ ಮಾನಕ) ಗುರುತಿನ ಮರೈನ್ ಪ್ಲೈ ತಂದೆ, 18 ಎಂ.ಎಂ.ನ ಎರಡು ತುಂಡು ಕೂಡಿಸಿ, ಅಂಚುಗಳಿಗೂ ರೆಸಿನ್ ಕುಡಿಸಿ ಕ್ಲ್ಯಾಂಪ್ ಬಿಗಿದೆ. ಹಳೆಯ ಫೈಬರ್ ಅಂಚನ್ನು ಅದರ ದಪ್ಪದ ಹನ್ನೆರಡು ಪಟ್ಟು ಅಗಲ ಇಳಿಜಾರಾಗಿ ಉಜ್ಜಿ ಅದರ ಮೇಲೆ ಹೊಸ ಫೈಬರ್ ಮ್ಯಾಟ್ ಹಾಸಿ ರೆಸಿನ್ ಹಚ್ಚಿದೆ. ಬೋಲ್ಟಿಗೆ ಬೇಕಾದುದಕ್ಕಿಂತ ದೊಡ್ಡ ತೂತು ಕೊರೆದು, ಗಟ್ಟಿ ರೆಸಿನ್ ತುಂಬಿ, ಅದು ಒಣಗಿದ ಮೇಲೆ ನಡುವೆ ಸರಿಯಳತೆಯ ತೂತು ಹಾಕಿದೆ. ಇನ್ನು ನೀರು ಬಂದರೂ ಕಟ್ಟಿಗೆಗೆ ತಾಗುವುದಿಲ್ಲ.

ಇಂಜಿನ್ನಿನ ಕೆಳಭಾಗದ ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿತ್ತು, ಅಂದರೆ ನೀರು ಸೇರಿದೆ. ಫ್ಯಾನ್, ಅಂದರೆ ಬೋಟನ್ನು ಮುಂದೂಡುವ ಪ್ರೊಪೆಲ್ಲರ್, ಬಿಚ್ಚಿದಾಗ ಶಾಫ್ಟಿಗೆ ಬಲೆಯ ನೈಲಾನ್ ದಾರ ಬಿಗಿಯಾಗಿ ಸುತ್ತಿ ಸೀಲನ್ನು ಕೊಯ್ದಿತ್ತು. ಬಲೆಗಳಿರುವ ನೀರಿನಲ್ಲಿ ಓಡಿಸುವವರು ಆಗಾಗ ಫ್ಯಾನ್ ಬಿಚ್ಚಿ ನೋಡಲೇಬೇಕು. ಸೀಲ್ ಬದಲಿಸಿ, ಹೊಸ ಆಯಿಲನ್ನು ಕೆಳಗಿನ ತೂತಿನಿಂದ ಮೇಲಿನದರಲ್ಲಿ ಉಕ್ಕುವವರೆಗೆ ತುಂಬಿದೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ. ಜೊತೆಗೇ ಇಂಜಿನ್ ತಂಪಾಗಿಸಲು ನೀರೆಳೆಯುವ ಪಂಪಿನ ರಬ್ಬರ್ ಚಕ್ರವನ್ನೂ (ಇಂಪೆಲ್ಲರ್) ಬದಲಿಸಿದೆ. ಪೆಟ್ರೋಲನ್ನು ಬೇಸಿಗೆಯುದ್ದಕ್ಕೂ ಟ್ಯಾಂಕಿನಲ್ಲಿ ಬಿಡುವುದಿಲ್ಲ, ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ.

ಹೊಸದಾಗಿ ಸೇರಿಸಿದ್ದು ಎರಡೇ: ತಳದಲ್ಲಿ ನೀರು ಏರಿದರೆ ತಾನಾಗಿ ಶುರುವಾಗುವ ಸಣ್ಣ ಪಂಪು, ಮತ್ತು ಓಡಿಸುವವನು ನೀರಿಗೆ ಬಿದ್ದರೆ ಇಂಜಿನ್ ನಿಲ್ಲಿಸುವ ಹಗ್ಗದ ಸ್ವಿಚ್ಚು. ಮ್ಯೂಸಿಕ್ ಸಿಸ್ಟಮ್, ಬಣ್ಣದ ಲೈಟಿಗಿಂತ ಮೊದಲು ಇವೆರಡು ಇರಲಿ.

ಖರ್ಚಿಲ್ಲದ ಇನ್ನೊಂದು ಕೆಲಸವೂ ಬೇಸಿಗೆಯಲ್ಲೇ ಆಗಬೇಕು. ನೀರು ಇಳಿದಾಗ ಮುಳುಗಡೆಯಾದ ಮನೆಗಳ ಗೋಡೆ, ಜಾಲಿ ಬೊಡ್ಡೆಗಳು ಬಯಲಾಗುತ್ತವೆ. ಅಲ್ಲಿಗೆ ನಡೆದು ಹೋಗಿ ಪ್ರತಿಯೊಂದನ್ನೂ ಫೋನಿನ ನಕ್ಷೆಯಲ್ಲಿ ಗುರುತು ಮಾಡುತ್ತೇನೆ. ಜಲಾಶಯ ತುಂಬಿದಾಗ ಅವು ಆಳದಲ್ಲಿರುತ್ತವೆ; ನೀರು ಅರ್ಧ ಏರಿದ ದಿನಗಳಲ್ಲಿ ಮಾತ್ರ ಸರಿಯಾಗಿ ಫ್ಯಾನಿನ ಮಟ್ಟಕ್ಕೆ ಬರುತ್ತವೆ. ಆ ಗುರುತುಗಳನ್ನು ಬಲೆ ಹಾಕುವವರಿಗೂ ಕಳಿಸುತ್ತೇನೆ, ಬಲೆ ಎಲ್ಲೆಲ್ಲಿ ಬಿಟ್ಟಿದ್ದಾರೆಂದು ಅವರು ನನಗೆ ಹೇಳುತ್ತಾರೆ.